ಮಾನ್ಯ ಸಚಿವರೇ, ಅವತ್ತು ನೀವು ತುಳಿದದ್ದು ಮಕ್ಕಳ ಚಿತ್ರಗಳನ್ನು

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಒಂದು ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟ್ರು. ಕೆಲಸಕ್ಕೆ ಸೇರಿ 21 ವರ್ಷ ಆಯಿತು. ನೀವು ನನ್ನನ್ನು ನೋಡಿಲ್ಲ, ಆದರೆ ನನ್ನ ಕೈಬರಹ ನೋಡಿದ್ದೀರಿ. ಹೋದ ವರ್ಷ ನಮ್ಮ ಶಾಲೆಯ ಹೊಸ ಕೊಠಡಿಗಳ ಉದ್ಘಾಟನೆಗೆ ಬಂದಾಗ ಗೇಟಿನ ಮೇಲೆ ನಿಮ್ಮ ಹೆಸರಿನ ಬೋರ್ಡ್ ಇತ್ತಲ್ವಾ? ಕೆಂಪು ಅಕ್ಷರ, ಹಳದಿ ಅಂಚು. ಅದನ್ನು ಬರೆದವನು ನಾನೇ. ಮೂರು ದಿನ ಹಿಡಿಯಿತು. ಆ ಮೂರು ದಿನ ಚಿತ್ರಕಲೆಯ ಪಾಠ ನಡೆಯಲಿಲ್ಲ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಪತ್ರಗಳನ್ನು ಕೊನೆಯ ತನಕ ಓದುವವರು ಕಮ್ಮಿ. ವಾರಕ್ಕೆ ಎರಡು ಪೀರಿಯಡ್ ಕೊಡಿ. ಎರಡೂ ಒಟ್ಟಿಗೆ ಇರಲಿ. ಬೇರೆ ಯಾರೂ ಕಿತ್ತುಕೊಳ್ಳದ ಹಾಗೆ ಮಾಡಿ. ಅಷ್ಟೇ.

ವೇಳಾಪಟ್ಟಿಯಲ್ಲಿ ಈಗಲೂ ಎರಡು ಇವೆ, ನಿಮಗೆ ಗೊತ್ತೇ ಇದೆ. ಒಂದು ಸೋಮವಾರ, ಇನ್ನೊಂದು ಗುರುವಾರ. ಸೋಮವಾರ ನಾನು ಬಣ್ಣದ ಡಬ್ಬಿ ಹಿಡಿದು ತರಗತಿಗೆ ಹೋದರೆ ಬಾಗಿಲಲ್ಲೇ ಗಣಿತದ ಮೇಷ್ಟ್ರು ಸಿಗುತ್ತಾರೆ. "ಸಾರ್, ಪೋರ್ಷನ್ ಮುಗಿದಿಲ್ಲ. ಇವತ್ತೊಂದು ದಿನ ಕೊಡಿ." ಗುರುವಾರ ವಿಜ್ಞಾನದವರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ತಲೆ ಮೇಲೂ ರಿಸಲ್ಟ್ ಕೂತಿದೆ. ಆದರೆ ಇಷ್ಟು ವರ್ಷದಲ್ಲಿ ಸಾಲ ತಗೊಂಡ ಒಂದು ಪೀರಿಯಡ್ಡನ್ನೂ ಯಾರೂ ವಾಪಸ್ ಕೊಟ್ಟಿಲ್ಲ. ಒಂದು ನೋಟ್ ಪುಸ್ತಕದಲ್ಲಿ ಲೆಕ್ಕ ಇಟ್ಟಿದ್ದೇನೆ. ಈ ವರ್ಷ ಹತ್ತನೇ ತರಗತಿಯಲ್ಲಿ ಸಿಗಬೇಕಿದ್ದದ್ದು 64. ಸಿಕ್ಕಿದ್ದು 27. ಅದರಲ್ಲಿ ಐದು ಪೀರಿಯಡ್ ಸರ್ಟಿಫಿಕೇಟಿನ ಮೇಲೆ ಚೆನ್ನಾಗಿ ಹೆಸರು ಬರೆಯುವುದರಲ್ಲಿ ಹೋಯಿತು. ಶಾಲೆಯಲ್ಲಿ ಚೆಂದದ ಅಕ್ಷರ ಇರುವವನು ಒಬ್ಬನೇ, ಏನು ಮಾಡುವುದು.

ಎರಡೂ ಯಾಕೆ ಒಟ್ಟಿಗೆ ಇರಬೇಕು ಅಂತ ಕೇಳುತ್ತೀರಿ. ನೀರು ತರಬೇಕು, ಹಾಳೆ ಬಿಗಿಯಬೇಕು, ಬಣ್ಣ ಕಲಸಬೇಕು. ಜಲವರ್ಣದಲ್ಲಿ ಮೊದಲ ಪದರ ಒಣಗಿದ ಮೇಲೆಯೇ ಎರಡನೆಯದು. ಒಣಗುವ ಹೊತ್ತಿಗೆ ಬೆಲ್. ಒದ್ದೆ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಏನಾಗುತ್ತದೆ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು. ನಾವು ಅದೊಂದನ್ನು ಮಾತ್ರ ಪೂರ್ತಿ ಕಲಿಸಿದ್ದೇವೆ.

ಮೇಜಿನ ಮೇಲೆ ಒಂದು ಲೋಟ ಇಟ್ಟು ಬರೆಯಿರಿ ಅಂದರೆ ಮಕ್ಕಳು ಲೋಟದ ಬಾಯನ್ನು ಪೂರ್ತಿ ದುಂಡಗೆ ಬರೆಯುತ್ತಾರೆ. ತಳ ಮಾತ್ರ ಸ್ಕೇಲಿಟ್ಟು ಎಳೆದ ಹಾಗೆ ನೇರ. ಬಾಯಿ ದುಂಡಗಿದೆ ಅಂತ ಅವರಿಗೆ ಗೊತ್ತು, ತಳ ಮೇಜಿನ ಮೇಲೆ ಸಪಾಟಾಗಿ ಕೂತಿದೆ ಅಂತಲೂ ಗೊತ್ತು. ಅವರು ಬರೆಯುವುದು ಗೊತ್ತಿರುವುದನ್ನು, ಕಂಡದ್ದನ್ನಲ್ಲ. ಬಾಯಿ ಚಪ್ಪಟೆ ಮೊಟ್ಟೆಯ ಹಾಗೆ ಕಾಣುತ್ತದೆ, ತಳವೂ ಬಾಗಿದೆ ಅಂತ ಒಂದು ಮಗು ತಾನೇ ಕಂಡುಕೊಳ್ಳಬೇಕಾದರೆ ಅದರ ಪಕ್ಕ ಕೂರಬೇಕು. ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಇಳಿಸಿ ತೋರಿಸಬೇಕು. ಒಂದು ದಿನ "ಅಯ್ಯೋ ಸಾರ್, ಹೌದಲ್ಲಾ!" ಅನ್ನುತ್ತದೆ. ಅದನ್ನು ನಾನು ಬೋರ್ಡಿನ ಮೇಲೆ ಬರೆದು ಕಾಪಿ ಮಾಡಿಸಲು ಬರುವುದಿಲ್ಲ.

ವಿಜ್ಞಾನದ ಪರೀಕ್ಷೆಯಲ್ಲಿ ಹೃದಯದ ಚಿತ್ರಕ್ಕೆ ಅಂಕ ಇದೆ. ಪೆನ್ಸಿಲ್ ಹಿಡಿಯುವುದನ್ನು ಕಲಿಸುವ ಪೀರಿಯಡ್ಡನ್ನು ಮಾತ್ರ ಅದೇ ವಿಜ್ಞಾನಕ್ಕೆ ಕೊಡಬೇಕು. ಸ್ಪೇನಿನ ಸಾಂಟಿಯಾಗೊ ರಮೋನ್ ಈ ಕಹಾಲ್ ಹುಡುಗನಾಗಿದ್ದಾಗ ಚಿತ್ರಕಾರನಾಗಬೇಕು ಅಂತಿದ್ದವರು. ಅಪ್ಪ ವೈದ್ಯಕೀಯಕ್ಕೆ ತಳ್ಳಿದರು. ಮೈಕ್ರೋಸ್ಕೋಪಿನಲ್ಲಿ ಕಂಡ ನರಕೋಶಗಳನ್ನು ಅವರು ಕೈಯಿಂದಲೇ ಬಿಡಿಸಿದರು, 1906ರಲ್ಲಿ ನೊಬೆಲ್ ಹಂಚಿಕೊಂಡರು. ಇದನ್ನು ನಮ್ಮ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. "ಹೌದಾ ಸಾರ್, ಇಂಟರೆಸ್ಟಿಂಗ್" ಅಂದರು. ಪೀರಿಯಡ್ ತಗೊಂಡರು.

ಈಗ ಅವತ್ತಿನ ವಿಷಯ.

ಹೋದ ವರ್ಷ ಹತ್ತನೇ ತರಗತಿಗೆ ಡಿಸೈನ್ ಮಾಡಿಸಿದೆ. ಡಿಸೈನ್ ಅಂದರೆ ಹೂಬಳ್ಳಿಯ ಬಾರ್ಡರ್ ಅಂತ ನಿಮ್ಮ ಇಲಾಖೆಯಲ್ಲೂ ಜಾಸ್ತಿ ಜನ ತಿಳಿದಿದ್ದಾರೆ. ನಾನು ಕೇಳಿದ್ದು ಬೇರೆ. ನಮ್ಮ ಶಾಲೆಗೆ ಮೊದಲ ಸಲ ಬಂದವರಿಗೆ, ಓದಲು ಬಾರದವರಿಗೂ, ಶೌಚಾಲಯ ಎಲ್ಲಿ, ಲ್ಯಾಬ್ ಎಲ್ಲಿ ಅಂತ ಅಕ್ಷರವಿಲ್ಲದೆ ಹೇಗೆ ಹೇಳುತ್ತೀರಿ? ಗಾಲಿಕುರ್ಚಿಯ ಚಿಹ್ನೆಯನ್ನು ತೋರಿಸಿದೆ. 1968ರಲ್ಲಿ ಅದನ್ನು ಮೊದಲು ಬರೆದವಳು ಸುಸಾನೆ ಕೋಫೋಡ್, ಡೆನ್ಮಾರ್ಕಿನ ಒಬ್ಬ ಡಿಸೈನ್ ವಿದ್ಯಾರ್ಥಿನಿ. ಅವಳ ಚಿತ್ರದಲ್ಲಿ ಕುರ್ಚಿ ಇತ್ತು, ತಲೆ ಇರಲಿಲ್ಲ. ತಲೆಯನ್ನು ಆಮೇಲೆ ಸೇರಿಸಿದರು. (ನಮ್ಮ ವೇಳಾಪಟ್ಟಿಗೂ ಯಾರಾದರೂ ಹಾಗೇ ಸೇರಿಸಿದರೆ ಚೆನ್ನಾಗಿತ್ತು.) ವಿದ್ಯಾರ್ಥಿನಿ ಅಂದ ಕೂಡಲೇ ಹಿಂದಿನ ಬೆಂಚಿನ ಒಬ್ಬ ಹುಡುಗಿ ನೆಟ್ಟಗೆ ಕೂತಳು.

ಆ ಹುಡುಗಿ ಯಾವ ವಿಷಯದಲ್ಲೂ ಮುಂದಿದ್ದವಳಲ್ಲ. ಹನ್ನೊಂದು ವಾರ ಕೂತಳು. ಊಟದ ಬಿಡುವಿನಲ್ಲಿ ಕೂತಳು, ಪೀರಿಯಡ್ ಸಿಗದ ವಾರಗಳಲ್ಲೂ ಕೂತಳು. ಲೈಬ್ರರಿಯ ಚಿಹ್ನೆಯನ್ನೇ ಒಂಬತ್ತು ಥರ ಬರೆದಳು. ಪುಟಾಣಿ ಮಕ್ಕಳಿಗೆ ತೋರಿಸಿ "ಇದೇನು?" ಅಂತ ಕೇಳಿ, ಅವರು ತಪ್ಪು ಹೇಳಿದರೆ ಹರಿದು ಹಾಕಿ ಮತ್ತೆ ಬರೆದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಕೊನೆಗೆ ಒಂದೇ ದೊಡ್ಡ ಹಾಳೆಯಲ್ಲಿ ಹದಿನಾಲ್ಕು ಚಿಹ್ನೆ, ಪೋಸ್ಟರ್ ಕಲರಿನಲ್ಲಿ. ಅಂಥ 34 ಹಾಳೆಗಳು ಕಲಾ ಕೊಠಡಿಯ ಬೀರುವಿನಲ್ಲಿದ್ದವು. ಬೀಗ ಇರಲಿಲ್ಲ. ಬೀಗ ಬೇಕು ಅಂತ ನಾಲ್ಕು ಸಲ ಬರೆದು ಕೊಟ್ಟಿದ್ದೆ.

ನೀವು ಬರುವ ದಿನ ಬೆಳಗ್ಗೆ ಮಳೆ ಬಂತು. ಗೇಟಿನಿಂದ ವೇದಿಕೆಯ ತನಕ ಕೆಸರು. "ಡ್ರಾಯಿಂಗ್ ರೂಮಿನಲ್ಲಿ ದಪ್ಪ ಹಾಳೆ ಇರ್ತವೆ, ನೋಡಿ" ಅಂತ ಯಾರೋ ಅಂದರಂತೆ. ನಾನು ಏಣಿ ಹತ್ತಿ ನಿಮ್ಮ ಹೆಸರಿಗೆ ಕೊನೆಯ ಹಳದಿ ಹಚ್ಚುತ್ತಿದ್ದೆ. ಇಳಿದು ನೋಡುವ ಹೊತ್ತಿಗೆ 34 ಹಾಳೆಗಳೂ ನೆಲದ ಮೇಲಿದ್ದವು. ಬಣ್ಣ ನಿಮ್ಮ ಶೂಗೆ ಅಂಟಬಾರದು ಅಂತ ಚಿತ್ರ ಇದ್ದ ಕಡೆಯನ್ನು ಕೆಳಗೆ ಮಾಡಿ ಹಾಸಿದ್ದರು. ಎಷ್ಟು ಮುತುವರ್ಜಿ ನೋಡಿ! ನಿಮಗೆ ಕಂಡದ್ದು ಬಿಳಿ ಹಾಳೆ. ನೀವು ನಡೆದಿರಿ, ನಿಮ್ಮ ಹಿಂದೆ ಒಂದಿಪ್ಪತ್ತು ಜನ ನಡೆದರು. ನಿಮ್ಮ ತಪ್ಪಿಲ್ಲ, ನಿಮಗೆ ಗೊತ್ತಿರಲಿಲ್ಲ. ಆ ಹುಡುಗಿಗೆ ಗೊತ್ತಿತ್ತು. ಅವಳು ಸ್ವಾಗತದ ಸಾಲಿನಲ್ಲಿ ಹೂವು ಹಿಡಿದು ನಿಂತಿದ್ದಳು.

ಆಮೇಲೆ ವೇದಿಕೆಯಲ್ಲಿ ನೀವು ಮಕ್ಕಳ ಸೃಜನಶೀಲತೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದಿರಿ. ಚೆನ್ನಾಗಿತ್ತು.

ಹೆಡ್‌ಮಾಸ್ಟರ್ ಹತ್ತಿರ ಹೋದೆ. "ಡ್ರಾಯಿಂಗ್ ತಾನೇ ಸಾರ್, ಇನ್ನೊಂದ್ ಸಲ ಬರೆಸಿದ್ರಾಯ್ತು" ಅಂದರು. ಯಾವ ಪೀರಿಯಡ್‌ನಲ್ಲಿ ಅಂತ ಕೇಳಿದೆ. ಉತ್ತರ ಬರಲಿಲ್ಲ. ಎರಡು ವಾರ ಬಿಟ್ಟು ಅಂಕ ಕಳಿಸಬೇಕಿತ್ತು. ಎಲ್ಲರಿಗೂ ಒಳ್ಳೇದೇ ಹಾಕಿ ಕಳಿಸಿ ಅಂದರು. ಕಳಿಸಿದೆ. ಕೆಸರಾದ ಹಾಳೆಗೂ ಅದೇ ಅಂಕ, ವರ್ಷವಿಡೀ ಪೆನ್ಸಿಲ್ ಮುಟ್ಟದವನಿಗೂ ಅದೇ ಅಂಕ. ಸಹಿ ನನ್ನದೇ. ಆ ಸಹಿಗೆ ನನಗೆ ಇವತ್ತಿಗೂ ನಾಚಿಕೆ ಇದೆ. ನೀವೂ ಸ್ವಲ್ಪ ಹಂಚಿಕೊಳ್ಳಿ ಅಂತ ಹೇಳುತ್ತಿದ್ದೇನೆ.

1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ನಿಮಗೆ ಬಾಯಿಪಾಠ ಇರಬೇಕು. ಆಟ, ಬಿಡುವು, ಕಲೆ ಮಗುವಿನ ಹಕ್ಕು ಅನ್ನುತ್ತದೆ. ಪೋರ್ಷನ್ ಮುಗಿದಿದ್ದರೆ ಮಾತ್ರ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಹಾಗಾಗಿ ಮತ್ತೆ ಕೇಳುತ್ತಿದ್ದೇನೆ, ಎರಡು ಪೀರಿಯಡ್, ಒಟ್ಟಿಗೆ, ಯಾರೂ ಮುಟ್ಟದ ಹಾಗೆ. ಕೊಡುವ ಮನಸ್ಸಿಲ್ಲದಿದ್ದರೆ ಅಂಕಪಟ್ಟಿಯಿಂದ ಚಿತ್ರಕಲೆಯ ಸಾಲನ್ನೇ ತೆಗೆದುಬಿಡಿ. ಸುಳ್ಳು ಬರೆಯುವ ಕೆಲಸವಾದರೂ ತಪ್ಪುತ್ತದೆ. ಇಲ್ಲ, ಅದನ್ನು ತೆಗೆಯಬೇಡಿ. ಸಿಟ್ಟಲ್ಲಿ ಅಂದೆ. ಎರಡು ಪೀರಿಯಡ್ ಕೊಡಿ. ಬೀರುವಿಗೆ ಒಂದು ಬೀಗವನ್ನೂ ಕೊಡಿ.

ಆ ಹುಡುಗಿ ಶಾಲೆ ಮುಗಿಸಿ ಹೋದಳು. ಹಾಳೆ ತಗೊಂಡು ಹೋಗು ಅಂದೆ, ಬೇಡ ಅಂದಳು. ಅದು ನನ್ನ ಹತ್ತಿರ ಇದೆ. ಹಿಂಬದಿಯಲ್ಲಿ ಒಂದು ಶೂ ಗುರುತು ಪೂರ್ತಿ ಮೂಡಿದೆ. ಯಾರದ್ದು ಅಂತ ಹೇಳಲಾರೆ. ಮುಂಬದಿಯಲ್ಲಿ ಕೆಸರಿನ ನಡುವೆ ಲೈಬ್ರರಿಯ ಚಿಹ್ನೆ ಇನ್ನೂ ಅರ್ಧ ಕಾಣುತ್ತದೆ. ನೀವು ಬಂದರೆ ತೋರಿಸುತ್ತೇನೆ. ಬರುವುದಾದರೆ ದಯವಿಟ್ಟು ಮೊದಲೇ ತಿಳಿಸಬೇಡಿ. ಬೋರ್ಡ್ ಬರೆಯುವ ಕೆಲಸ ಮತ್ತೆ ನನಗೇ ಬೀಳುತ್ತದೆ.

ಇಂತಿ,
ಒಬ್ಬ ಡ್ರಾಯಿಂಗ್ ಮೇಷ್ಟ್ರು