ತೋಟಕ್ಕೆ ಸದ್ಯ ಮುಂಗಡ ತೆಗೆದುಕೊಳ್ಳಬೇಡಿ

ಅಪ್ಪಯ್ಯನಿಗೂ ಅಮ್ಮನಿಗೂ ನಮಸ್ಕಾರ.

ನಾನು ಆರಾಮಾಗಿದ್ದೇನೆ. ನನಗೆ ಮುಂಬೈಯಲ್ಲಿ ಮನೆ ಕೊಳ್ಳಲು ತೋಟ ಮಾರುವ ಮಾತಾಡಿದ್ದಿರಲ್ಲ, ಅದರ ಬಗ್ಗೆಯೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಹೋದರೆ ಅಮ್ಮ ನಡುವೆ ಅಳು ಶುರು ಮಾಡುತ್ತಾಳೆ, ಅದಕ್ಕೇ ಕಾಗದ.

ಕಳೆದ ಭಾನುವಾರ ಮಾಟುಂಗಾದ ಉಡುಪಿ ಹೋಟೆಲಿಗೆ ಹೋಗಿದ್ದೆ. ಅಲ್ಲಿ ಒಂದೇ ಮೇಜಿಗೆ ಗುರುತಿಲ್ಲದವರನ್ನೂ ಕೂರಿಸುತ್ತಾರೆ. ನಾನು ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದದ್ದು ಕೇಳಿ ಎದುರಿನ ಹಿರಿಯರು, "ಕುಂದಾಪ್ರದಗೆ ಎಲ್ಲಾಯ್ತ್?" ಅಂದರು. ಅವರು ಕೋಟ ಕಡೆಯವರು. ನಲವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು. ಮುಲುಂಡಿನಲ್ಲಿ ಸಣ್ಣ ಫ್ಲ್ಯಾಟ್ ಇದೆ. ನಾನೂ ಅಲ್ಲೇ ಮನೆ ನೋಡುತ್ತಿದ್ದೇನೆ ಅಂದದ್ದೇ ತಡ, ಕಾಫಿ ತಣ್ಣಗಾಯಿತು!

"ಮನೆ ಕೊಂಡ ಮೇಲೆ ಖರ್ಚು ಮುಗೀತು ಅಂದ್ಕೊಂಡಿದ್ದೀರಾ?" ಅಂದರು. ಅವರ ಕಟ್ಟಡಕ್ಕೆ 30 ವರ್ಷ ದಾಟಿದೆ. ಮುಂಬೈಯಲ್ಲಿ ಅಂಥ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಗಟ್ಟಿ ಇದೆಯಾ ಅಂತ ಎಂಜಿನಿಯರಿಂದ ತಪಾಸಣೆ, ಕಡ್ಡಾಯ. ಆಡಿಟ್ ಮಾಡಿದವರು ಕಂಬ, ಛಾವಣಿ ಎರಡೂ ರಿಪೇರಿ ಆಗಬೇಕು ಅಂದರಂತೆ. ಇವರ ಪಾಲಿಗೆ ಬಂದದ್ದು ಮೂರೂವರೆ ಲಕ್ಷ. ಅದರ ಮೇಲೆ ತಿಂಗಳ ಮೇಂಟೆನೆನ್ಸು, ಲಿಫ್ಟು, ವಾಚ್‌ಮನ್. 500 ಚದರ ಅಡಿಯ ಒಳಗಿನ ಮನೆಗೆ 2022ರಿಂದ ಆಸ್ತಿ ತೆರಿಗೆ ಇಲ್ಲ, ಅದೊಂದು ಪುಣ್ಯ. "ಮನೆಗೆ ಈಗ ಕೋಟಿ ಬೆಲೆ ಅಂತಾರೆ. ಗೋಡೆ ಕೆರೆದು ಕೋಟಿ ತೆಗೆಯಲಿಕ್ಕೆ ಆಗ್ತದಾ?" ಅಂದರು. ನಗು ಬಂತು, ಅವರು ಮಾತ್ರ ನಗಲಿಲ್ಲ.

ಅವರ ಮಗನದ್ದು ಇನ್ನೊಂದು ಕಥೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು) 4ರಿಂದ 6.5 ಪರ್ಸೆಂಟಿಗೆ ಏರಿಸಿತಲ್ಲ, ಅದರ ಜೊತೆ ಮನೆಸಾಲದ ಬಡ್ಡಿಯೂ ಏರಿತು. ಆಗ ಮಗನ ಕಂತು ಏರಲಿಲ್ಲ, ಸಾಲ ತೀರಿಸುವ ವರ್ಷ ಏರಿತು. ಇಪ್ಪತ್ತು ವರ್ಷಕ್ಕೆ ತೀರಬೇಕಿದ್ದ ಸಾಲ ನಿವೃತ್ತಿಯ ಆಚೆಗೆ ಹೋಗಿ ಕೂತಿದೆ. ಆಮೇಲೆ ದರ ಇಳಿದದ್ದು ನಿಜ, ಆದರೆ ಹೋದ ವರ್ಷಗಳೆಲ್ಲ ಬಂದಿಲ್ಲ ಅಂದರು.

ರೂಮಿಗೆ ಬಂದು ಲೆಕ್ಕ ಹಾಕಿದೆ. 80 ಲಕ್ಷದ ಮನೆ. 60 ಲಕ್ಷ ಸಾಲ, 8.5 ಪರ್ಸೆಂಟು ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ 52 ಸಾವಿರ. ಕೊನೆಗೆ ಕಟ್ಟಿದ್ದು 1 ಕೋಟಿ 25 ಲಕ್ಷದ ಹತ್ತಿರ! ಬಡ್ಡಿಯೇ ಅಸಲನ್ನು ದಾಟುತ್ತದೆ. ಇಲ್ಲಿ ಮನೆ ನೋಂದಣಿಗೆ ಸರ್ಕಾರಕ್ಕೆ ಕಟ್ಟುವ ಸ್ಟ್ಯಾಂಪ್ ಡ್ಯೂಟಿ 6 ಪರ್ಸೆಂಟು, ಅಂದರೆ 4.8 ಲಕ್ಷ ಬೇರೆ. ಹೆಂಗಸರ ಹೆಸರಿಗೆ ಕೊಂಡರೆ 1 ಪರ್ಸೆಂಟು ಕಡಿಮೆ. ಅಮ್ಮಾ, ನಿನ್ನ ಹೆಸರಿಗೆ 80 ಸಾವಿರ ಬೆಲೆ ಇದೆ, ಗೊತ್ತಿರಲಿ.

ಬಾಡಿಗೆ ಸುಖ ಅಂತ ಅಲ್ಲ. ಹನ್ನೊಂದು ತಿಂಗಳಿಗೊಮ್ಮೆ ಮಾಲೀಕ ಬಾಡಿಗೆ ಏರಿಸುತ್ತಾನೆ, ನಾನು ಗೊಣಗುತ್ತೇನೆ. ಆದರೆ ಮೇಲಿನ ಪೈಪು ಸೋರಿದರೆ ಚಿಂತೆ ಅವನದ್ದು.

ಅಪ್ಪಯ್ಯ, ಉಳಿದ 20 ಲಕ್ಷಕ್ಕೆ ತೋಟ ಮಾರುತ್ತೇನೆ ಅಂದಿದ್ದಿರಿ. ಬೇಡ. ಬ್ರೋಕರ್ ಬಂದರೆ ಚಾ ಕೊಟ್ಟು ಕಳಿಸಿ, ಮುಂಗಡ ಮಾತ್ರ ಮುಟ್ಟಬೇಡಿ. ಎರಡು ವರ್ಷ ನೋಡೋಣ, ನನ್ನ ಉಳಿತಾಯವೂ ಸ್ವಲ್ಪ ಬೆಳೆಯಲಿ.

ಮಳೆ ಹತ್ತಿರ ಬಂತು. ಹಂಚು ಕೈಯಾಡಿಸಲು ಜನ ಸಿಕ್ಕರಾ? ನೀವು ಮಾಡು ಹತ್ತಬೇಡಿ. ಕೂಲಿ ಎಷ್ಟು ಅಂತ ತಿಳಿಸಿ, ಕಳಿಸುತ್ತೇನೆ.

ನಿಮ್ಮ ಮಗ