ಮೊದಲ ಗೆರೆ ಊರಿನವರದ್ದಾಗಿರಲಿ

ಮಾನ್ಯರೇ,

ಊರಿಂದೂರಿಗೆ ಸಾಗುತ್ತ, ಅಲ್ಲಲ್ಲಿನ ಕಥೆಗಳನ್ನು ಜನರ ಕೈಯಿಂದಲೇ ಉದ್ದನೆಯ ಬಟ್ಟೆಯ ಮೇಲೆ ಚಿತ್ರವಾಗಿಸುವ ಕಲಾ ಯೋಜನೆಗಳನ್ನು ನಡೆಸಲು ಹೊರಟವರಿಗೆ, ಈ ಕೆಲಸ ಮಾಡುವ ನಾವು ಮುಖ್ಯವಾಗಿ ಹೇಳಬೇಕಾದ್ದು ಒಂದೇ: ಮೊದಲ ಗೆರೆಯನ್ನು ಆ ಊರಿನವರೇ ಎಳೆಯಲಿ.

ಬಹಳ ಕಡೆ ಆಗುವುದು ಹೀಗೆ. ತಂಡ ಬೆಳಿಗ್ಗೆ ಬಂದಿಳಿಯುತ್ತದೆ. ಮಧ್ಯಾಹ್ನದೊಳಗೆ ನಾಲ್ಕಾರು ಹಿರಿಯರನ್ನು ಮಾತಾಡಿಸಿ, ಸಂಜೆಗೆ ತಂಡದ ಕಲಾವಿದರೇ ರೇಖಾಚಿತ್ರ ಬರೆದು ಮುಗಿಸುತ್ತಾರೆ. ಮರುದಿನ ಊರಿನವರ ಕೈಗೆ ಬ್ರಷ್ ಕೊಟ್ಟು ಬಣ್ಣ ತುಂಬಿಸುತ್ತಾರೆ. ಫೋಟೊ ಚೆನ್ನಾಗಿ ಬರುತ್ತದೆ, ಆದರೆ ಹತ್ತು ಊರು ಸುತ್ತಿದ ಮೇಲೂ ಬಟ್ಟೆಯ ಮೇಲೆ ಇರುವುದು ಒಂದೇ ಮರ, ಒಂದೇ ನದಿ, ನಗುವ ಒಬ್ಬಳೇ ಅಜ್ಜಿ.

ಒಂದು ಊರಿಗೆ ಕನಿಷ್ಠ ಐದು ದಿನ ಬೇಕು. ಮೊದಲ ಎರಡು ದಿನ ಬಣ್ಣದ ಡಬ್ಬಿಯ ಮುಚ್ಚಳವನ್ನೇ ತೆರೆಯಬಾರದು. ಎಂಟು–ಹತ್ತು ಜನರನ್ನು ಕೂರಿಸಿಕೊಂಡು ಕೇಳಿ. ಗುಂಪು ಅದಕ್ಕಿಂತ ದೊಡ್ಡದಾದರೆ ಗಟ್ಟಿ ದನಿಯ ಇಬ್ಬರು ಮೂವರ ಮಾತಷ್ಟೇ ಉಳಿಯುತ್ತದೆ. ‘ನಿಮ್ಮ ಸಂಸ್ಕೃತಿಯ ಬಗ್ಗೆ ಹೇಳಿ’ ಎಂದರೆ ಭಾಷಣ ಸಿಗುತ್ತದೆ. ‘ಈ ದಾರಿಗೆ ಈ ಹೆಸರು ಯಾಕೆ ಬಂತು’ ಎಂದರೆ ಕಥೆ ಸಿಗುತ್ತದೆ. ಒಂದೇ ಘಟನೆಯನ್ನು ಇಬ್ಬರು ಎರಡು ಥರ ಹೇಳಿದರೆ ಎರಡೂ ಇರಲಿ, ಯಾರದು ನಿಜವೆಂದು ತೀರ್ಮಾನಿಸುವುದು ತಂಡದ ಕೆಲಸವಲ್ಲ. ಒಪ್ಪಿಗೆ ಕೇಳುವಾಗ ಎರಡು ಪ್ರಶ್ನೆ ಬೇರೆ ಬೇರೆಯಾಗಿರಲಿ: ಈ ಕಥೆಯನ್ನು ಬೇರೆ ಊರಲ್ಲಿ ತೋರಿಸಬಹುದೇ? ನಿಮ್ಮ ಹೆಸರು ಹಾಕಬಹುದೇ? ಮೊದಲನೆಯದಕ್ಕೆ ಹೂಂ ಎಂದವರು ಎರಡನೆಯದಕ್ಕೆ ಬೇಡವೆನ್ನಬಹುದು.

ಮೂರನೆಯ ದಿನ ಕಥೆ ಹೇಳಿದವರ ಕೈಗೇ ಇದ್ದಿಲು ಕೊಡಿ. ಪೆನ್ಸಿಲ್ ಗೆರೆ ತಿಳಿಬಣ್ಣದಡಿಯಲ್ಲೂ ಕಾಣುತ್ತದೆ, ಸುಲಭಕ್ಕೆ ಅಳಿಯುವುದಿಲ್ಲ, ತಪ್ಪಾದೀತೆಂಬ ಅಂಜಿಕೆಗೆ ಕೈ ಹಿಂಜರಿಯುತ್ತದೆ. ಇದ್ದಿಲಾದರೆ ಒಣಬಟ್ಟೆಯಿಂದ ಕೊಡವಿದರೆ ಸಾಕು. ‘ನಂಗೆ ಚಿತ್ರ ಬರೆಯೋಕೆ ಬರಲ್ಲ’ ಎನ್ನುವವರನ್ನು ‘ನಿಮ್ಮ ಹಳೇ ಮನೆಯ ಬಾಗಿಲು ಯಾವ ಕಡೆಗಿತ್ತು’ ಎಂದು ಕೇಳಿ ನೋಡಿ. ಬಾಯಲ್ಲಿ ಹೇಳುತ್ತಲೇ ಗೆರೆ ಎಳೆದಿರುತ್ತಾರೆ. ಆ ಸೊಟ್ಟ ಗೆರೆಯನ್ನು ಕಲಾವಿದರು ತಿದ್ದಬಾರದು.

ಇನ್ನು ಬಟ್ಟೆ. ಹತ್ತಿಯ ಕ್ಯಾನ್ವಾಸ್ ಮೊದಲ ಸಲ ನೆನೆದಾಗ ಕುಗ್ಗುತ್ತದೆ. ನೆನೆಸಿ ಒಣಗಿಸದೆ ತುಂಡುಗಳನ್ನು ಹೊಲಿದರೆ ಜೋಡಣೆಯುದ್ದಕ್ಕೂ ಸುಕ್ಕು ಬೀಳುತ್ತದೆ. ಬಣ್ಣಕ್ಕೆ ಮುನ್ನ ಬಟ್ಟೆಗೆ ಬಳಿಯುವ ತಳಲೇಪವಾದ ಗೆಸ್ಸೊ ಎರಡು ತೆಳು ಕೋಟು ಸಾಕು. ಖರ್ಚು ಉಳಿಸಲು ಗೋಡೆಯ ಡಿಸ್ಟೆಂಪರ್ ಬಳಸುವುದು ದೊಡ್ಡ ತಪ್ಪು. ಅದರಲ್ಲಿ ಪುಡಿ ಹೆಚ್ಚು, ಅಂಟು ಕಡಿಮೆ. ಬಾಗದ ಗೋಡೆಯ ಮೇಲೆ ನಿಂತ ಬಣ್ಣ, ಸುತ್ತಿ ಬಿಚ್ಚುವ ಬಟ್ಟೆಯಿಂದ ಹಕ್ಕಳೆಯಾಗಿ ಉದುರುತ್ತದೆ. ಆಕ್ರಿಲಿಕ್ ತೆಗೆದುಕೊಳ್ಳಿ, ನಾಲ್ಕೈದು ಬಣ್ಣ ಮತ್ತು ಬಿಳಿ ಸಾಕು. ಹನ್ನೆರಡು ಬಣ್ಣವಿಟ್ಟರೆ ಹತ್ತು ಕೈಗಳು ಒಂದೇ ನೀರಿನ ಡಬ್ಬಿಗೆ ಬ್ರಷ್ ಅದ್ದಿ, ಸಂಜೆಯ ಹೊತ್ತಿಗೆ ಎಲ್ಲವೂ ಕೆಸರಿನ ಬಣ್ಣಕ್ಕೆ ತಿರುಗಿರುತ್ತದೆ.

ಐದನೆಯ ದಿನ ಬಣ್ಣ ಬಳಿಯುವಂತಿಲ್ಲ, ಅದು ಒಣಗಲು ಬಿಟ್ಟ ದಿನ. ಆಕ್ರಿಲಿಕ್ ಗಂಟೆಯೊಳಗೆ ಮುಟ್ಟಲು ಒಣಗಿದಂತಿದ್ದರೂ ಒಳಗೆ ಗಟ್ಟಿಯಾಗಲು ದಿನಗಟ್ಟಲೆ ಬೇಕು. ಬಿಸಿಲಲ್ಲಿ ನಿಂತ ವಾಹನದೊಳಗೆ ಅದು ಮೆತ್ತಗಾಗಿ ಪದರಕ್ಕೆ ಪದರ ಅಂಟಿಕೊಳ್ಳುತ್ತದೆ. ಮಡಚಬೇಡಿ, ಮಡಿಕೆಯ ಗೆರೆಯಲ್ಲೇ ಬಿರುಕು ಬಿಡುತ್ತದೆ. ಕನಿಷ್ಠ 15 ಸೆಂ.ಮೀ. ವ್ಯಾಸದ ಕೊಳವೆಗೆ, ಬಣ್ಣದ ಮುಖ ಹೊರಗಿರುವಂತೆ ಸುತ್ತಿ. ಒಳಗಿದ್ದರೆ ಬಣ್ಣದ ಪದರ ಒತ್ತಿಕೊಂಡು ಸುಕ್ಕುಗಟ್ಟುತ್ತದೆ. ನಡುವೆ ಸಿಲಿಕೋನ್ ಲೇಪದ ಕಾಗದವಿರಲಿ. ಗುಳ್ಳೆ ಪ್ಲಾಸ್ಟಿಕ್ಕನ್ನು ನೇರವಾಗಿ ಸುತ್ತಿದರೆ ಗುಳ್ಳೆಗಳ ಅಚ್ಚು ಚಿತ್ರದ ಮೇಲೆ ಮೂಡುತ್ತದೆ.

ಜೋಡಿಸಬೇಕಾದ ಪಟಗಳೆಲ್ಲ, ಅಂದರೆ ಚಿತ್ರ ಬರೆದ ಬಟ್ಟೆಯ ತುಂಡುಗಳೆಲ್ಲ, ಒಂದೇ ಅಳತೆಯಲ್ಲಿರಲಿ. ಏಡ್ಸ್‌ನಿಂದ ತೀರಿಕೊಂಡವರ ನೆನಪಿಗಾಗಿ ಅಮೆರಿಕದಲ್ಲಿ 1987ರಲ್ಲಿ ಆರಂಭವಾದ ಏಡ್ಸ್ ಸ್ಮಾರಕ ಕೌದಿಯಲ್ಲಿ ಪ್ರತಿ ಪಟ 3 ಅಡಿಗೆ 6 ಅಡಿ, ಒಂದು ಸಮಾಧಿಯಷ್ಟು. ಎಂಟು ಪಟ ಸೇರಿದರೆ 12 ಅಡಿಯ ಚೌಕ. ಅಳತೆ ಗಟ್ಟಿಯಾಗಿ ನಿಂತದ್ದರಿಂದಲೇ ಎಲ್ಲೋ ಕುಳಿತು ಹೊಲಿದವರ ಪಟವೂ ಅದಕ್ಕೆ ಕೂಡಿಕೊಳ್ಳುತ್ತ ಬಂತು. ಒಳಗೆ ಏನಿರಬೇಕೆಂಬುದನ್ನು ಹೊಲಿದವರೇ ನಿರ್ಧರಿಸಿದರು.

ಊರು ಬಿಡುವ ಮುನ್ನ ಪ್ರತಿ ಪಟದ ಫೋಟೊ ತೆಗೆದು, ಹಿಂಬದಿಗೆ ಸಂಖ್ಯೆ ಹೊಲಿಯಿರಿ. ಸಾವಿರಕ್ಕೂ ಹೆಚ್ಚು ಜನ ಸೇರಿ ಕಸೂತಿ ಹಾಕಿದ, 160 ಪಟಗಳ ‘ಗ್ರೇಟ್ ಟ್ಯಾಪೆಸ್ಟ್ರಿ ಆಫ್ ಸ್ಕಾಟ್ಲೆಂಡ್’ ಪ್ರವಾಸದಲ್ಲಿದ್ದಾಗ, 2015ರಲ್ಲಿ ಒಂದು ಪಟ ಪ್ರದರ್ಶನದ ಜಾಗದಿಂದಲೇ ಕಳವಾಯಿತು. ಸಿಕ್ಕಿದ್ದು 2017ರಲ್ಲಿ. ಸುತ್ತಾಟ ಮುಗಿದ ಮೇಲೆ ಪಟ ಯಾರ ಬಳಿ ಇರಬೇಕು ಎಂಬುದನ್ನೂ ಆಗಲೇ ಬರೆದಿಡಬೇಕು. ತಂಡದ ಗೋದಾಮಿನಲ್ಲಿ ಉಳಿದುಹೋದರೆ, ಬರೆದವರಿಗೆ ಅದನ್ನು ನೋಡುವ ಅವಕಾಶವೇ ಇರುವುದಿಲ್ಲ.

ಪ್ರಾಯೋಜಕರ ಲಾಂಛನಕ್ಕೆ ಬೇರೆ ಬ್ಯಾನರ್ ಮಾಡಿಸಿ. ಚಿತ್ರದ ಕೆಳಗೆ 10 ಸೆಂ.ಮೀ. ಅಂಚು ಖಾಲಿ ಬಿಟ್ಟು, ಒಪ್ಪಿದವರ ಹೆಸರನ್ನು ಅವರ ಕೈಯಿಂದಲೇ ಬರೆಸಿ.

– ಸಮುದಾಯ ಕಲಾ ಕಾರ್ಯಕರ್ತರು