ಬಿಡುಗಡೆ ಚೀಟಿಯ ನಂತರ

ಮಾನ್ಯರೇ,

ಆತ್ಮಹತ್ಯೆಯ ಸುದ್ದಿ ಬಂದಾಗಲೆಲ್ಲ ‘ಯಾರ ಬಳಿಯಾದರೂ ಹೇಳಿಕೊಳ್ಳಬಾರದಿತ್ತೇ’ ಎಂದು ಮರುಗುತ್ತೇವೆ. ಎಷ್ಟೋ ಮಂದಿ ಹೋಗಿಯೇ ಇರುತ್ತಾರೆ, ಅದೂ ವೈದ್ಯರ ಬಳಿಗೆ. ಹಲವು ಅಧ್ಯಯನಗಳನ್ನು ಒಟ್ಟಾಗಿ ನೋಡಿ 2002ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ, ಹೀಗೆ ಜೀವ ಕಳೆದುಕೊಂಡವರಲ್ಲಿ ಸರಾಸರಿ ಶೇ 45ರಷ್ಟು ಮಂದಿ ಕೊನೆಯ ತಿಂಗಳಲ್ಲಿ ಸಾಮಾನ್ಯ ವೈದ್ಯರನ್ನು ಕಂಡಿದ್ದರು. ಅದೇ ಅವಧಿಯಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆದವರು ಐವರಲ್ಲಿ ಒಬ್ಬರಷ್ಟೇ.

ಇಂಥವರು ಬಾಯಿಬಿಟ್ಟು ಹೇಳುವುದು ಹೆಚ್ಚಾಗಿ ನಿದ್ದೆ ಬಾರದ್ದು, ಮೈಕೈ ನೋವು, ಸುಸ್ತು. ಹೊರಗೆ ಸಾಲು ಬೆಳೆದಿರುವಾಗ ಮಾತ್ರೆ ಬರೆದು ಕಳಿಸುವ ವೈದ್ಯರನ್ನು ಪೂರ್ತಿ ದೂರಲು ನನಗೆ ಮನಸ್ಸಿಲ್ಲ. ಆದರೆ ‘ಸಾಯುವ ಯೋಚನೆ ಬರುತ್ತದೆಯೇ’ ಎಂದು ನೇರವಾಗಿ ಕೇಳಿದರೆ ಇಲ್ಲದ ವಿಚಾರವನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ಕೇಳಿದರೆ ಎದೆಯ ಭಾರ ಇಳಿಯುವುದೇ ಹೆಚ್ಚು.

ಇನ್ನೂ ದೊಡ್ಡ ಲೋಪ ಆಸ್ಪತ್ರೆಯಿಂದ ಹೊರಬಂದ ಮೇಲಿನದು. ಮನೋರೋಗ ವಿಭಾಗದಿಂದ ಮನೆಗೆ ಮರಳಿದ ಮೊದಲ ಕೆಲವು ವಾರಗಳಲ್ಲಿ ಅಪಾಯ ಅತಿ ಹೆಚ್ಚು. ನಾವೋ, ಮನೆಯವರು, ಬಿಡುಗಡೆ ಚೀಟಿಯನ್ನೇ ಗುಣವಾದದ್ದಕ್ಕೆ ಪ್ರಮಾಣಪತ್ರವೆಂದು ತಿಳಿಯುತ್ತೇವೆ. ಮೂಳೆ ಮುರಿದವರಿಗೆ ಪ್ಲಾಸ್ಟರ್ ಬಿಚ್ಚುವ ದಿನ ಗೊತ್ತುಮಾಡಿಯೇ ಕಳಿಸುತ್ತಾರೆ. ಬದುಕೇ ಬೇಡವೆಂದು ಬಂದವರಿಗೆ ಮಾತ್ರ ‘ಬೇಕೆನಿಸಿದರೆ ಬನ್ನಿ’ ಎನ್ನುವುದು ಯಾವ ನ್ಯಾಯ? ಬೇಕೆನಿಸದಿರುವುದೇ ಅವರ ಕಾಯಿಲೆಯ ಲಕ್ಷಣವಲ್ಲವೇ? ಮುಂದಿನ ಭೇಟಿಯ ದಿನಾಂಕ, ವಾರದೊಳಗೆ ಆಸ್ಪತ್ರೆಯಿಂದಲೇ ಒಂದು ಕರೆ, ಇಷ್ಟು ಬರೆಯದೆ ಯಾರ ಬಿಡುಗಡೆ ಚೀಟಿಗೂ ಸಹಿ ಬೀಳಬಾರದು.

ಓದುಗ